ಮಂಗಳವಾರದ ಕುರ್ಚಿ

ಎಲ್ಲಿ ಕೂತರೂ ಎಷ್ಟು ಗಂಟೆಗೆ ಏಳಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಕೂರುವ ಕೆಟ್ಟ ಅಭ್ಯಾಸ ನನ್ನದು. ಹಾಸನದ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿ, ಕೊನೆಗೆ ಮೇಟ್ರನ್ ಆಗಿ ದುಡಿದವಳು. ನಿವೃತ್ತಿಯಾಗಿ ಎಷ್ಟು ಕಾಲವಾದರೂ ಗಡಿಯಾರ ನನ್ನನ್ನು ಡ್ಯೂಟಿಯಿಂದ ಬಿಟ್ಟಿಲ್ಲ. ಅಮೆರಿಕದ ಯೂನಿಯನ್ ಸಿಟಿಯಲ್ಲಿರುವ ಮಗಳ ಮನೆಯಲ್ಲಿ ಫ್ರಿಜ್ಜಿನ ಡಬ್ಬಿಗಳು ಕೂಡ ನನ್ನನ್ನು ಕಂಡರೆ ಸಾಲಾಗಿ ನಿಲ್ಲುತ್ತವೆ ಎಂದು ಅಳಿಯ ನಗುತ್ತಾರೆ. ಮಂಗಳವಾರ ನನಗೆ ರಜೆ. ಒಂಬತ್ತೂವರೆಯ ರೈಲು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಒಬ್ಬಳೇ ಸುತ್ತಿ, ನಾಲ್ಕರೊಳಗೆ ಮನೆ ಸೇರಿ, ಎಲ್ಲಿ ಹೋದೆ ಏನು ತಿಂದೆ ಎಂದು ಡೈರಿಯಲ್ಲಿ ಬರೆದಿಡುತ್ತೇನೆ. ರಜೆಗೂ ರಿಪೋರ್ಟು ಬರೆಯುವವಳನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ನನಗೆ ಇಷ್ಟದ ಜಾಗ ನಾರ್ತ್ ಬೀಚು. ಅಲ್ಲಿ ಬೀಚಿಲ್ಲ, ಇದ್ದ ಕಡಲನ್ನು ಬಹಳ ಹಿಂದೆಯೇ ಮಣ್ಣು ತುಂಬಿ ಮುಚ್ಚಿದರಂತೆ. ಇಟಲಿಯಿಂದ ಬಂದ ಮೀನುಗಾರರು, ಬೇಕರಿಯವರು ಒಂದು ಕಾಲದಲ್ಲಿ ಅಲ್ಲಿ ತುಂಬಿದ್ದರು. ಅವರ ಮೊಮ್ಮಕ್ಕಳು ಬೇರೆ ಊರುಗಳಿಗೆ ಹರಡಿಹೋದ ಮೇಲೆ ಉಳಿದಿರುವುದು ಜೋಡಿ ಗೋಪುರದ ಬಿಳಿ ಚರ್ಚು, ಕೆಲವು ಹಳೆಯ ಹೋಟೆಲುಗಳು, ಮತ್ತು ಅವುಗಳ ಗೋಡೆಯ ಮೇಲೆ ಮೀಸೆ ಹೊತ್ತು ನಮ್ಮ ತಟ್ಟೆಯನ್ನೇ ನೋಡುವ ಫೋಟೋಗಳು. ಇನ್ನೊಂದು ವಿಚಿತ್ರವಿದೆ. ಜಾಗ ಸಾಲದೆಂದು ಈ ನಗರ ತನ್ನ ಸ್ಮಶಾನಗಳನ್ನು ಅಗೆದು, ಸತ್ತವರನ್ನೆಲ್ಲ ಪಕ್ಕದ ಊರಿಗೆ ಸಾಗಿಸಿತಂತೆ. ಹಾಸಿಗೆ ಸಾಲದಾಗ ನಾನೂ ರೋಗಿಗಳನ್ನು ವರಾಂಡಕ್ಕೆ ಕಳಿಸಿದ್ದೇನೆ. ಅವರು ಕಣ್ಣು ತಪ್ಪಿಸಿ ವಾರ್ಡಿಗೆ ವಾಪಸಾಗುತ್ತಿದ್ದರು. ನಡುಹಗಲಲ್ಲೇ ಮಂಜು ಇಳಿದು, ಎದುರಿನ ಬಾಗಿಲು ಕೂಡ ಅಳಿಸಿಹೋದಂತೆ ಕಂಡಾಗ, ಇಲ್ಲಿಂದ ಸಾಗಿಹೋದ ಸತ್ತವರಲ್ಲೂ ಅಂಥ ಕಳ್ಳರು ಇದ್ದಿರಬಹುದೆನ್ನಿಸುತ್ತದೆ.

ಅಂಥದೇ ಮಂಜಿನ ದಿನ, ಎಂದೂ ಹೊಕ್ಕಿರದ ಒಂದು ಗಲ್ಲಿಯ ಸಣ್ಣ ಹೋಟೆಲಿಗೆ ಹೋದೆ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನನ್ನನ್ನು ನೋಡಿದವಳೇ ಕಿಟಕಿ ಪಕ್ಕದ ಕುರ್ಚಿ ಎಳೆದು, "ಮಾಮೂಲಿನದೇ ತರಲಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹಾಲು ಹಾಕಿದ ಕಾಫಿ, ಎಣ್ಣೆ ಸವರಿದ ದಪ್ಪ ರೊಟ್ಟಿ, ಸೋಂಪಿನ ಬಿಸ್ಕತ್ತು ಮೇಜಿಗೆ ಬಂದವು. ಬಡಿಸಿದ್ದನ್ನು ಬೇಡವೆಂದು ಏಳುವುದು ನಮ್ಮ ಕಡೆ ಬೈದ ಹಾಗೆ. ತಿಂದೆ. ಎದುರಿನ ಮೇಜಿನಲ್ಲಿ ಕೂತಿದ್ದ, ತೊಂಬತ್ತಕ್ಕೆ ಹತ್ತಿರದ ಅಜ್ಜಿಯೊಬ್ಬಳು ನನ್ನತ್ತ ಬೆರಳಾಡಿಸಿ, "ಹೋದ ವಾರ ಯಾಕೆ ಅಷ್ಟು ಬೇಗ ಎದ್ದುಹೋದೆ?" ಎಂದು ಕೇಳಿದಳು.

"ಹೋದ ವಾರ ನಾನು ಬಂದಿರಲಿಲ್ಲ."

"ಆಗಲೂ ಹೀಗೇ ಅಂದಿದ್ದೆ!" ಎಂದು ನಕ್ಕಳು.

ಉಳಿದ ಬಿಸ್ಕತ್ತನ್ನು ಬೇಗ ಬೇಗ ತಿಂದು ಎದ್ದೆ. ಮನೆಗೆ ಬಂದು ಡೈರಿ ತೆಗೆದೆ. ಹೋದ ಮಂಗಳವಾರದ ಪುಟದಲ್ಲಿ "ಸಿಟಿ. ಪಾರ್ಕು. ಮನೆ, ೩.೪೦" ಎಂದಷ್ಟೇ ಇತ್ತು. ಏನು ತಿಂದೆನೆಂದು ಬರೆದಿರಲಿಲ್ಲ. ನಾನು ಬರೆಯದೆ ಬಿಡುವವಳಲ್ಲ. ನನ್ನ ಅಕ್ಕನಿಗೂ ಮರೆವು ಹೀಗೆಯೇ ಹತ್ತಿದ್ದು: ಮೊದಲು ಸಣ್ಣ ತೂತುಗಳು, ಆಮೇಲೆ ಇಡೀ ದಿನಗಳು. ಆ ಕಾಯಿಲೆಯ ಕುತಂತ್ರವೆಂದರೆ ಅದು ಬಂದದ್ದು ಊರಿಗೆಲ್ಲ ತಿಳಿದ ಮೇಲೆ ಕೊನೆಗೆ ರೋಗಿಗೆ ತಿಳಿಯುತ್ತದೆ. ಬಚ್ಚಲಿನ ಬಾಗಿಲು ಹಾಕಿಕೊಂಡು, ಮರೆವಿನ ರೋಗಿಗಳಿಗೆ ಮಾಡಿಸುವ ಹಾಗೆ, ಬಾಯಿಬಿಟ್ಟು ನೂರರಿಂದ ಏಳೇಳು ಕಳೆಯುತ್ತ ಬಂದೆ. ಸರಿಯಾಗಿ ಎರಡಕ್ಕೆ ಬಂದು ನಿಂತಿತು. ಲೆಕ್ಕ ಸರಿಯಿದ್ದರೂ ಭಯ ಹಾಗೆಯೇ ಇತ್ತು. ಹೊರಗಿಂದ ಮಗಳು ಸುಮಾ, "ಅಮ್ಮಾ, ಒಳಗೆ ಯಾರ ಜೊತೆ ಮಾತಾಡ್ತಿದೀಯಾ?" ಎಂದಳು.

"ಯಾರೂ ಇಲ್ಲ ಕಣೆ," ಎಂದೆ. ಹೇಳಿದರೆ ಮಂಗಳವಾರದ ರೈಲು ನಿಲ್ಲುತ್ತದೆ, ಗ್ಯಾಸಿನ ಹತ್ತಿರ ಹೋಗಬೇಡವೆನ್ನುತ್ತಾಳೆ, ಆಸ್ಪತ್ರೆಯಲ್ಲಿ ನನ್ನ ಹೆಸರು ಹಿಡಿದು ಕರೆದು ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಎಷ್ಟು ಜನರನ್ನು ನಾನೇ ಹಾಗೆ ಕೇಳಿದ್ದೇನೆ! ಕೇಳುವವರ ದನಿ ಎಷ್ಟು ಮೃದುವಾಗಿರುತ್ತದೆಂದು ನನಗೆ ಗೊತ್ತು. ಆ ಮೃದುತನಕ್ಕೇ ನಾನು ಹೆದರಿದ್ದು.

ಮುಂದಿನ ವಾರ ಪರೀಕ್ಷೆ ಮಾಡಲೆಂದೇ ಒಂದು ಗಂಟೆ ತಡವಾಗಿ ಹೋದೆ. ಅದೇ ಕುರ್ಚಿ, ಅದೇ ಕಾಫಿ. ಗೋಡೆಯ ಮೀಸೆಗಳು ಕೂಡ ಗುರುತು ಹಿಡಿದಂತೆ ಕಂಡವು. ಈ ಸಲ ಅಜ್ಜಿ ನನ್ನನ್ನು ಲೂಸಿಯಾ ಎಂದು ಕರೆದು, ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ಕೋಟು ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದುದನ್ನು ನೆನೆಸಿದಳು. ಒಂದು ಕ್ಷಣ, ನೀವು ನಗಬಾರದು, ಆ ಕೋಟಿನ ಒದ್ದೆ ಉಣ್ಣೆಯ ವಾಸನೆ ನನ್ನ ಮೂಗಿಗೆ ಬಡಿಯಿತು. ನಾನು ಹುಟ್ಟಿದೂರಲ್ಲಿ ಕೋಟನ್ನೇ ಕಂಡವಳಲ್ಲ.

ಎದ್ದು ಸೀದಾ ಕೌಂಟರಿಗೆ ಹೋಗಿ, ರಾತ್ರಿಪಾಳಿಯವರಿಂದ ರಿಪೋರ್ಟು ಕೇಳುವ ದನಿಯಲ್ಲಿ, "ನಾನು ಇಲ್ಲಿಗೆ ಎಷ್ಟು ಸಲ ಬಂದಿದ್ದೇನೆ?" ಎಂದೆ.

ಆ ಹೆಂಗಸು ಕೈಯೊರೆಸಿಕೊಂಡು, ಅಜ್ಜಿಗೆ ಕೇಳದಂತೆ ಹೇಳಿದಳು: "ಇದು ಎರಡನೇ ಸಲ. ದಯವಿಟ್ಟು ಕ್ಷಮಿಸಿ."

ಅವಳು ಜೀನಾ, ಅಜ್ಜಿಯ ಮಗಳು. ಲೂಸಿಯಾ ಎಂದರೆ ಅಜ್ಜಿಯ ತಂಗಿ. ಪ್ರತಿ ಮಂಗಳವಾರ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದವಳು, ಕಳೆದ ವರ್ಷ ತೀರಿಕೊಂಡಳು. ಅಜ್ಜಿಗೆ ಸಾವು ಮರೆತುಹೋಗುತ್ತದೆ. ಪ್ರತಿ ಮಂಗಳವಾರ ತಂಗಿ ಎಲ್ಲಿ ಎಂದು ಕೇಳುತ್ತಾಳೆ, ಹೇಳಿದಾಗಲೆಲ್ಲ ಆಗ ತಾನೆ ಸುದ್ದಿ ಬಂದಂತೆ ಅಳುತ್ತಾಳೆ. ಅದಕ್ಕೆ ಜೀನಾ ಒಂದು ಪದ್ಧತಿ ಮಾಡಿಕೊಂಡಳು. ಮಂಗಳವಾರ ಒಂಟಿಯಾಗಿ ಬಂದ ನರೆತಲೆಯ ಹೆಂಗಸರನ್ನು ಆ ಕುರ್ಚಿಗೆ ಕೂರಿಸಿ ಮಾಮೂಲಿನದನ್ನು ತಂದಿಡುವುದು. ಅಜ್ಜಿಯ ಕಣ್ಣು ಮಂಜು. ಅವಳಿಗೆ ಅಷ್ಟು ಸಾಕು. "ಬೇರೆಯವರೆಲ್ಲ ಇದು ನಾನು ಕೇಳಿದ್ದಲ್ಲ ಅಂತ ವಾಪಸ್ ಕಳಿಸ್ತಾರೆ," ಎಂದಳು ಜೀನಾ. "ನೀವೊಬ್ಬರೇ ಪೂರ್ತಿ ತಿಂದಿದ್ದು."

ನನ್ನ ಬುದ್ಧಿ ನೆಟ್ಟಗಿದೆಯೆಂದು ತಿಳಿದ ಸಂತೋಷಕ್ಕೆ ಆ ಕೌಂಟರನ್ನೇ ತಬ್ಬಿಕೊಳ್ಳಬಹುದಿತ್ತು. ಕೇಸ್ ಶೀಟಿನಲ್ಲಿ ಒಂದು ಸುಳ್ಳನ್ನೂ ಬರೆಯಲು ಬಿಡದಿದ್ದ ನಾನು, ವಾಪಸ್ ಹೋಗಿ ಲೂಸಿಯಾಳ ಕುರ್ಚಿಯಲ್ಲಿ ಕೂತೆ.

ಅಜ್ಜಿ ಮುಂದಕ್ಕೆ ಬಾಗಿ ನನ್ನ ಮಣಿಕಟ್ಟು ಹಿಡಿದಳು. ಕೈ ತಣ್ಣಗಿತ್ತು. "ನೀನು ಲೂಸಿಯಾ ಅಲ್ಲ," ಎಂದಳು ಮೆಲ್ಲಗೆ. "ಅವಳು ಸತ್ತಳು. ಇವತ್ತು ನನಗೆ ಗೊತ್ತಿದೆ. ಜೀನಾಗೆ ಹೇಳಬೇಡ, ಪಾಪ, ಅಷ್ಟೊಂದು ಕಷ್ಟಪಡ್ತಾಳೆ."

ಅದರ ಮುಂದಿನ ವಾರ ಹೋದಾಗ ಮತ್ತೆ ನಾನು ಲೂಸಿಯಾಳೇ ಆಗಿದ್ದೆ. ಅಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಮುಖದ ಒಂದು ಗೆರೆಯೂ ಹೇಳಲಿಲ್ಲ. ಇವತ್ತು ಯಾವ ವಾರ ಎಂದು ನಾನು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಕೋಟಿನ ಕಥೆಗೆ ಹ್ಞೂಂಗುಟ್ಟುತ್ತ, ಏಳುವ ಹೊತ್ತು ಮೀರಿ ಕೂತಿದ್ದೆ.

ಮನೆ ಸೇರಿದಾಗ ಐದೂವರೆ. ಸುಮಾ ಬಾಗಿಲಲ್ಲೇ ನಿಂತಿದ್ದಳು. ಬಚ್ಚಲಿನ ಲೆಕ್ಕವೂ ಸೇರಿ ಎಲ್ಲವನ್ನೂ ಹೇಳಿದೆ. ಅವಳು, "ಅಷ್ಟು ಭಯ ಆಗಿದ್ರೂ ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದಳು.

"ಈಗ ಹೇಳ್ತಿದೀನಲ್ಲೇ. ಮುಂದೆ ಯಾವತ್ತಾದ್ರೂ ನಾನು ನಿನ್ನ ಬೇರೆ ಯಾರದೋ ಹೆಸರಿಂದ ಕರೆದ್ರೆ, ತಿದ್ದಬೇಡ. ಹ್ಞೂಂ ಅಂದ್ಬಿಡು."

"ಆಮೇಲೆ ನೀನು ಆಕ್ಟಿಂಗು ಮಾಡ್ತಿದೀಯೋ, ನಿಜವಾಗ್ಲೂ ಮರೆತಿದೀಯೋ, ನಂಗೆ ಹೇಗಮ್ಮ ಗೊತ್ತಾಗೋದು?"

"ಗೊತ್ತಾಗಲ್ಲ," ಎಂದೆ. "ಅವತ್ತು ನಂಗೂ ಗೊತ್ತಾಗ್ದೇ ಇರಬಹುದು. ಇಬ್ಬರೂ ಕೂತ್ಕೊಂಡು ಕಾಫಿ ಕುಡಿಯೋಣ."