ಅಗೆಲಿನ ಕೋಣೆಯ ಕಂಪ್ಯೂಟರ್

ಶ್ರಾವ್ಯಾ, ಚಿಂತನ್, ಇದನ್ನು ಊಟಕ್ಕೆ ಮೊದಲು ಓದಬೇಡಿ. ಊಟವಾದ ಕೂಡಲೇ ಓದುವುದೂ ಬೇಡ. ನಾನೂ ಊಟ ಇಳಿದ ಮೇಲೆಯೇ ಬರೆಯಲು ಕುಳಿತದ್ದು. ಬರೆದೇ ತಿಳಿಸುತ್ತಿದ್ದೇನೆ, ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲವಲ್ಲ.

ಸತ್ತವರು ಬಂದು ಉಣ್ಣುತ್ತಾರೆ ಎನ್ನುವುದನ್ನು ನಾನು ನಂಬಿದವಳಲ್ಲ. ಕಡಬದ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಮಳೆಗಾಲದ ಆಟಿ ತಿಂಗಳ ಅಗೆಲಿಗೆ ಅಡುಗೆ ಮಾಡುವವಳು ನಾನೇ. ತೀರಿಹೋದ ಹಿರಿಯರಿಗೆಂದು ಒಳಕೋಣೆಯಲ್ಲಿ ಬಾಳೆಎಲೆ ಹಾಕಿ ಕೋಳಿಸಾರು, ರೊಟ್ಟಿ, ಅನ್ನ ಬಡಿಸಿ, ಕಳ್ಳು ಇಟ್ಟು, ದೀಪ ಹಚ್ಚಿ ಬಾಗಿಲು ಎಳೆದುಕೊಳ್ಳುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ ಬಡಿಸಿದ್ದು ಬಡಿಸಿದ ಹಾಗೆಯೇ ಇರುತ್ತದೆ. ಆಮೇಲೆ ಅದನ್ನು ಮನೆಯವರೇ ಹಂಚಿಕೊಂಡು ತಿನ್ನುವುದು. ಒಂದು ತುಂಡು ಕಡಿಮೆಯಾದದ್ದನ್ನೂ ನಾನು ಕಂಡಿರಲಿಲ್ಲ. ಹಾಗೆಂದು ಯಾರ ಹತ್ತಿರವೂ ಹೇಳಿರಲಿಲ್ಲ ಅಷ್ಟೆ.

ನೀವಿಬ್ಬರೂ ಆಗ ತೀರಾ ಸಣ್ಣವರು, ಪುತ್ತೂರಿನ ಅಜ್ಜಿಯ ಮನೆಯಲ್ಲಿದ್ದಿರಿ. ನಿಮ್ಮ ಅಮ್ಮ, ನನ್ನ ಮಗಳು ಹೇಮ, ಡಾಕ್ಟರೇಟ್ ಪದವಿಗಾಗಿ ನಮ್ಮ ಕಡೆಯ ಅರೆಭಾಷೆ ನುಡಿಯಲ್ಲಿ ಮದುವೆಗೆ ಹಾಡುವ ಸೋಬಾನೆ ಹಾಡುಗಳನ್ನು ಸಂಗ್ರಹಿಸುತ್ತಿದ್ದಳು. ಸುಳ್ಯದ ಕಡೆಗೂ ಇಚಿಲಂಪಾಡಿಯ ಕಡೆಗೂ ಬಸ್ಸು, ಜೀಪು ಹಿಡಿದು ಹೋಗಿ, ಮುದುಕಿಯರನ್ನು ಕೂರಿಸಿ ಹಾಡಿಸಿ ವಿಡಿಯೊ ಮಾಡಿ ತರುತ್ತಿದ್ದಳು. ಹಾಡಿದವರಲ್ಲಿ ನನ್ನ ಅತ್ತೆಯೂ ಒಬ್ಬರು. ಆ ವರ್ಷದ ಆಟಿ ಬರುವಾಗ ಅತ್ತೆ ತೀರಿಕೊಂಡಿದ್ದರು. ಇನ್ನೂ ಹಲವರು ಹೋಗಿದ್ದರು. ಮತ್ತೊಮ್ಮೆ ಹಾಡಿಸಿಕೊಳ್ಳುವ ದಾರಿ ಇರಲಿಲ್ಲ. ಅಷ್ಟೂ ಹಾಡು ಇದ್ದದ್ದು ಒಳಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ, ಬೇರೆಲ್ಲೂ ಪ್ರತಿ ಇರಲಿಲ್ಲ.

ಆ ಕಂಪ್ಯೂಟರ್ ಒಂದು ದಿನ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಸುಳ್ಯದಿಂದ ರಿಪೇರಿಯವನು ಬಂದು ಪೆಟ್ಟಿಗೆಯ ಬದಿಯ ತಗಡು ತೆಗೆದ. ಒಳಗೆ ಹಲ್ಲಿಯ ಹಿಕ್ಕೆ, ಜಿರಳೆಯ ರೆಕ್ಕೆ, ಫ್ಯಾನಿಗೆ ಅಂಟಿ ಒಣಗಿದ ಒಂದು ಹಲ್ಲಿಮರಿ. ನಾನು ಸೆರಗು ಮೂಗಿಗೆ ಹಿಡಿದೆ.

"ಹಲ್ಲಿ ಸಾಕುದಾ ನೀವು ಇದ್ರೊಳಗೆ, ಮಾರಾಯ್ರೆ?" ಎಂದು ನಕ್ಕ ಅವನು, ಸದ್ದು ಕೇಳಿದ ಮೇಲೆ ನಗು ನಿಲ್ಲಿಸಿದ. "ಇದರ ಡಿಸ್ಕ್ ಹೋಗ್ಲಿಕ್ಕೆ ಬಂದಿದೆ. ಆಫ್ ಮಾತ್ರ ಮಾಡ್ಬೇಡಿ ಅಕ್ಕ. ಆಫ್ ಮಾಡಿದ್ರೆ ಮತ್ತೆ ಏಳ್ಲಿಕ್ಕಿಲ್ಲ. ಉರಿತಾ ಇರುವಾಗ್ಲೇ ಇದ್ರಲ್ಲಿದ್ದದ್ದನ್ನು ಬೇರೆಯದಕ್ಕೆ ಹಾಕಿ."

ಪೆನ್‌ಡ್ರೈವ್ ಸಿಕ್ಕಿಸುವ ಜಾಗಗಳೆಲ್ಲ ತುಕ್ಕು ಹಿಡಿದಿದ್ದವು. ಉಳಿದದ್ದು ಒಂದೇ ದಾರಿ. ಹೊಸ ಲ್ಯಾಪ್‌ಟಾಪನ್ನು ಅದರ ಪಕ್ಕದಲ್ಲಿಟ್ಟು, ನಡುವೆ ವಯರು ಹಾಕಿ, ಅದರಿಂದ ಇದಕ್ಕೆ ಹಾಡುಗಳನ್ನು ದಾಟಿಸಬೇಕು. ಹಳೆಯದರಲ್ಲಿದ್ದದ್ದು ಲಿನಕ್ಸ್, ಹೊಸದರಲ್ಲಿ ವಿಂಡೋಸ್. ಎರಡೂ ಬೇರೆ ಬೇರೆ ರೀತಿಯವಂತೆ. ನಿಮ್ಮ ಅಪ್ಪ ದಿನೇಶ ಕಾಲೇಜಿಗೆ ರಜೆ ಹಾಕಿ ಕುಳಿತ. ಮೊದಲು ಲ್ಯಾಪ್‌ಟಾಪಿಗೆ ಪಕ್ಕದಲ್ಲೇ ಇದ್ದ ಕಂಪ್ಯೂಟರ್ ಕಾಣಲೇ ಇಲ್ಲ. ಎರಡರಲ್ಲೂ ನೆಟ್‌ವರ್ಕ್ ಗುಂಪಿನ ಹೆಸರು ಒಂದೇ ಇರಬೇಕು ಎಂದು ಯಾರೋ ಫೋನಿನಲ್ಲಿ ಹೇಳಿದರು. ಅದನ್ನು ಸರಿಮಾಡಿದ ಮೇಲೆ ಕಂಡಿತು, ಆದರೆ ಪಾಸ್‌ವರ್ಡ್ ಕೇಳಿತು. ಸರಿಯಾದದ್ದನ್ನೇ ಕೊಟ್ಟರೂ ತಪ್ಪು ಎಂದಿತು. ಒಂದೇ ಮೇಜಿನ ಮೇಲೆ ಕೂತು ಒಂದನ್ನೊಂದು ಗುರುತಿಸದ ಆ ಎರಡು ಯಂತ್ರಗಳನ್ನು ನೋಡಿ ನನಗೆ ಹೇಸಿಗೆಯಾಗಿತ್ತು. ಹೇಮ ಅನ್ನ ಬಿಟ್ಟಿದ್ದಳು. ಆ ವಾರ ವಿಶ್ವವಿದ್ಯಾಲಯಕ್ಕೆ ಎಲ್ಲವನ್ನೂ ಒಪ್ಪಿಸದಿದ್ದರೆ ಅವಳ ಅಷ್ಟು ವರ್ಷದ ಓಡಾಟ ನೀರುಪಾಲು.

ಕೊನೆಗೆ ಅಗೆಲಿನ ದಿನವೇ ದಿನೇಶನಿಗೆ ಹೊಳೆಯಿತು. ಲಿನಕ್ಸಿನಲ್ಲಿ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ, ಹಂಚಿಕೊಳ್ಳುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಇಟ್ಟೇ ಇರಲಿಲ್ಲ. ಅದನ್ನು ಇಟ್ಟ ಕೂಡಲೇ ಹಾಡುಗಳು ಹೊರಟವು. ಆದರೆ ಪರದೆಯ ಮೇಲೆ ಬಂದ ಬರಹ ನೋಡಿ ಹೇಮ ನೆಲದಲ್ಲಿ ಕುಳಿತುಬಿಟ್ಟಳು. ಮುಗಿಯಲು ಇನ್ನೂ ಮೂರು ದಿನ ಬೇಕು ಎಂದಿತ್ತು. ಡಿಸ್ಕ್ ಒಂದು ಹಾಡು ಕೊಡುವುದು, ಬಿಕ್ಕುವುದು, ನಿಲ್ಲುವುದು. ಮೂರು ದಿನ ಅದು ಬದುಕುವ ಹಾಗಿರಲಿಲ್ಲ.

ಸಂಜೆಗೆ ನಿಮ್ಮ ದೊಡ್ಡಜ್ಜ, ನನ್ನ ಗಂಡನ ಅಣ್ಣ, ಅಗೆಲು ಬಡಿಸಲು ಬಂದರು. ಕೋಣೆಯೊಳಗೆ ಇಣುಕಿದವರೇ ಸಿಡಿದರು.

"ಇದೆಂತ ಅವತಾರ? ಇದು ಗುಂಯ್‌ಗುಡ್ತಾ ಇದ್ರೆ ಅವರು ಉಣ್ಣುದು ಹೇಗೆ? ನಿಲ್ಲಿಸಿ ಅದನ್ನು."

"ನಿಲ್ಲಿಸಿದ್ರೆ ಎಲ್ಲ ಹೋಗ್ತದೆ ದೊಡ್ಡಪ್ಪ," ಎಂದಳು ಹೇಮ. "ಅಜ್ಜಿಯ ಹಾಡೂ ಅದರಲ್ಲೇ ಉಂಟು. ಅವರಿಗೆ ಬೇಜಾರಾಗ್ಲಿಕ್ಕಿಲ್ಲ."

"ನಿನ್ನ ಅಜ್ಜಿಗೆ ಬೇಜಾರಾಗದ ವಿಷಯ ಯಾವುದಿತ್ತು ಮಾರಾಯ್ತಿ?"

ಬೇರೆ ಕೋಣೆಯಲ್ಲಿ ಬಡಿಸುವ ಕ್ರಮ ನಮ್ಮಲ್ಲಿಲ್ಲ. ಆಟಿಯೂ ಮುಗಿಯುತ್ತ ಬಂದಿತ್ತು. ಕೊನೆಗೆ ಎರಡೂ ಪರದೆಗಳ ಮೇಲೆ ಮೈ ಒರೆಸುವ ಬೈರಾಸು ಹೊದಿಸಿ, ಬೆಳಕು ಬೀಳದ ಹಾಗೆ ಮಾಡಿ, ಮೇಜಿನ ಬುಡದಲ್ಲೇ ಎಲೆ ಹಾಕಿದೆವು. ಕೋಳಿ ನಮ್ಮ ಗೂಡಿನದ್ದು, ಅಂದೇ ಕೊಯ್ದದ್ದು. ಸಾರು ಒಲೆಯಿಂದ ಇಳಿಸಿದ ಬಿಸಿಯಲ್ಲೇ ಬಡಿಸಿದವಳು ನಾನು. ಹಬೆ ಏಳುತ್ತಿತ್ತು. ಭಾವ ದೀಪ ಹಚ್ಚಿ, ಹಿರಿಯರನ್ನು ಕರೆದು, ಬಾಗಿಲು ಎಳೆದರು.

ಎಲ್ಲರೂ ಚಾವಡಿಯಲ್ಲಿ ಕುಳಿತೆವು. ಭಾವ ಎಲೆ ಅಡಿಕೆ ಜಗಿದು ಉಗಿಯುವಷ್ಟು ಹೊತ್ತು, ಹೆಚ್ಚೆಂದರೆ ಅಷ್ಟೇ. ಆಮೇಲೆ ಅವರು ಬಾಗಿಲಿನ ಹತ್ತಿರ ಹೋಗಿ, ಒಳಗಿದ್ದವರು ಏಳಲಿ ಎಂದು ಕೆಮ್ಮಿ, ತಟ್ಟಿ, ತೆರೆದರು.

ಮೊದಲು ಬಂದದ್ದು ನಾತ. ರಬ್ಬರಿನ ಹಾಲು ಹುಳಿತ ನಾತ ನಮಗೆ ಹೊಸದಲ್ಲ, ಇದು ಅದಲ್ಲ. ಸತ್ತು ದಿನವಾದ ಪ್ರಾಣಿಯದು. ಎಲೆಯ ಅಂಚು ಕಂದಿ ಮುರುಟಿತ್ತು. ರೊಟ್ಟಿಯ ಮೇಲೆ ಬೂದುಬಣ್ಣದ ಬೂಷ್ಟು ಕೂದಲಿನಂತೆ ಎದ್ದಿತ್ತು. ಕಳ್ಳಿನ ಮೇಲೆ ಕೆನೆ ಕಟ್ಟಿತ್ತು. ಕೋಳಿಯ ತುಂಡುಗಳು ಅಲುಗಾಡುತ್ತಿದ್ದವು. ಭಾವ ಹಚ್ಚಿಟ್ಟಿದ್ದ ದೀಪವನ್ನೇ ಎತ್ತಿ ಹಿಡಿದು ಬಗ್ಗಿ ನೋಡಿದೆ. ಕೊಬ್ಬಿದ ಬಿಳಿ ಹುಳಗಳು, ಒಂದರ ಮೇಲೊಂದು. ಆ ದೀಪದಲ್ಲಿ ಮಾತ್ರ ಎಣ್ಣೆ ತುಂಬಿದಷ್ಟೂ ಹಾಗೆಯೇ ಇತ್ತು.

ಹೇಮ ಎಲೆಗಳನ್ನು ದಾಟಿ ಹೋಗಿ ಬೈರಾಸು ಎಳೆದಳು. ಅವಳ ಸೆರಗು ಸಾರಿಗೆ ತಾಗಿದ್ದೂ ಅವಳಿಗೆ ತಿಳಿಯಲಿಲ್ಲ.

"ಮುಗ್ದಿದೆ," ಎಂದಳು. "ಎಲ್ಲ ಬಂದಿದೆ. ದಿನೇಶ್, ಎಲ್ಲ ಬಂದಿದೆ!"

ಹಳೆಯ ಕಂಪ್ಯೂಟರ್ ಸದ್ದಿಲ್ಲದೆ ತಣ್ಣಗಿತ್ತು. ಮತ್ತೆ ಅದು ಏಳಲಿಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಅದೇ ಸಂಜೆಯ ಗಂಟೆ ಇತ್ತು.

ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ತಿರುಗಿ ಬರುವಾಗ ಭಾವ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. "ಹಿರಿಯರು ಉಂಡದ್ದು, ಬಿಸಾಡ್ಲಿಕ್ಕಿಲ್ಲ," ಎಂದು ಒಂದು ತುಂಡು ಎತ್ತಿ, ಹುಳ ಕೊಡವಿ, ಬಾಯಿಗೆ ಹಾಕಿಕೊಂಡರು. ಅವರು ಜಗಿಯುವುದನ್ನು ನಾನು ಕಂಡೆ. ಅಂದಿನಿಂದ ಅವರ ಮುಂದೆ ಕುಳಿತು ಉಣ್ಣಲು ನನ್ನಿಂದಾಗಲಿಲ್ಲ. ಮಾಂಸವನ್ನಂತೂ ಮುಟ್ಟಿಲ್ಲ.

ಉಳಿದದ್ದನ್ನು ಬಾಚಿ ಗೊಬ್ಬರದ ಗುಂಡಿಗೆ ಹಾಕಿದವಳು ನಾನೇ, ಇನ್ಯಾರು? ನಾಯಿ ಹತ್ತಿರವೂ ಬರಲಿಲ್ಲ. ನೆಲವನ್ನೂ ಕೈಯನ್ನೂ ಎಷ್ಟು ಸಲ ತೊಳೆದರೂ ನಾತ ಹೋಗಲಿಲ್ಲ.

ಮರುದಿನ ದಿನೇಶ ಮೆಲ್ಲಗೆ ಹೇಳಿದ: "ಕಂಪ್ಯೂಟರ್ ಹೇಳುವ ಟೈಮ್ ಯಾವಾಗ್ಲೂ ಸುಳ್ಳು ಅತ್ತೆ. ಒಮ್ಮೆ ಮೂರು ದಿನ ಹೇಳ್ತದೆ, ಮತ್ತೆ ಹತ್ತು ನಿಮಿಷದಲ್ಲಿ ಮುಗಿಸ್ತದೆ." ಇರಬಹುದು. "ಹುಳ?" ಎಂದು ಕೇಳಿದೆ. ಅವನು ಮುಖ ತಿರುಗಿಸಿದ. "ಕೋಳಿಗೆ ಮೊದಲೇ ನೊಣ ಕೂತಿತ್ತೋ ಏನೋ."

ಆ ಮಾತು ನನಗೆ ಹುಳಕ್ಕಿಂತ ಹೇಸಿಗೆಯಾಯಿತು. ಕೊಳೆತದ್ದನ್ನು ಹಿರಿಯರಿಗೆ ಬಡಿಸಿದವಳು ಎಂದ ಹಾಗಾಯಿತಲ್ಲ! ಕುದಿದು ಇಳಿದ ಸಾರಿನಲ್ಲಿ ಯಾವ ಹುಳ ಬದುಕುತ್ತದೆ?

ನಿಮ್ಮ ಅಮ್ಮನಿಗೆ ಪದವಿ ಸಿಕ್ಕಿತು. ಸುಳ್ಯದಲ್ಲಿ ಸಭೆ ಮಾಡಿ ಆ ಹಾಡುಗಳನ್ನು ಕೇಳಿಸಿದರು. ಅತ್ತೆಯ ಸ್ವರ ಬಂದಾಗ ಜನ ಕಣ್ಣೊರೆಸಿಕೊಂಡರು. ನನ್ನ ಮೂಗಿಗೆ ಆ ಕೋಣೆಯ ನಾತ ಬಂತು, ಎದ್ದು ಹೊರಗೆ ಹೋದೆ. ಮೊಮ್ಮಗಳ ಕೆಲಸ ಉಳಿಯಲಿ ಎಂದು ಅವರು ಆ ಮೂರು ದಿನಗಳನ್ನು ಬಾಗಿಲೊಳಗೆ ಕಳೆದರೋ? ಕಳೆದಿದ್ದರೆ ದೀಪದ ಎಣ್ಣೆ ಯಾಕೆ ಇಳಿಯಲಿಲ್ಲ? ಏನೂ ಆಗದಿದ್ದರೆ ನಾನು ಗುಂಡಿಗೆ ಹಾಕಿದ್ದು ಏನು? ನಂಬುತ್ತೇನೆ ಎನ್ನಲು ಈಗಲೂ ಮನಸ್ಸು ಬರುವುದಿಲ್ಲ. ನಂಬುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ಈ ಸುದ್ದಿ ಎತ್ತಿದರೆ ನಿಮ್ಮ ಅಮ್ಮ ಎದ್ದು ಹೋಗುತ್ತಾಳೆ. ಭಾವನೂ ಈಗಿಲ್ಲ. ಹಾಗಾಗಿ ಈ ಹಾಳೆಗಳನ್ನು ನೀವೇ ಜೋಪಾನ ಮಾಡಬೇಕು ಮಕ್ಕಳೇ. ಕಪಾಟಿನಲ್ಲಿ ಬಟ್ಟೆಯ ನಡುವೆ ಇಡಿ. ಇಟ್ಟು ಮರೆಯಬೇಡಿ. ಮುಚ್ಚಿದ ಬಾಗಿಲೊಳಗೆ ಎಷ್ಟು ದಿನ ಕಳೆಯುತ್ತದೋ ಯಾರು ಬಲ್ಲರು, ಆಗಾಗ ತೆರೆದು ನೋಡುತ್ತಿರಿ.