ಆಯಿ ಹಗೇವಿನಲ್ಲಿಟ್ಟ ಗಾಲಿ

ಆಯಿ ಮಾತಾಡುವಾಗ ಎದುರಿದ್ದವರ ತೋಳು ಹಿಡಿಯುತ್ತಿದ್ದಳು. ಸುಮ್ಮನೆ ಮುಟ್ಟುವುದಲ್ಲ, ಹಿಡಿಯುವುದು. ಬಿಟ್ಟ ಮೇಲೆ ನೋಡಿಕೊಂಡರೆ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿರುತ್ತಿತ್ತು. ಓಣಿಯ ಅರ್ಧ ಮಕ್ಕಳನ್ನು ಹಡೆಸಿದ ಸೂಲಗಿತ್ತಿಯ ಕೈ ಅದು. ಕಟ್ಟಿಗೆ ಮಾರುವವನಂತೂ ಅವಳಿಂದ ಒಂದು ಮಾರು ದೂರ ನಿಂತೇ ವ್ಯಾಪಾರ ಮಾಡುತ್ತಿದ್ದ.

ಅವಳು ನನ್ನ ಮನೆಯೊಡತಿ. ಕಲಬುರಗಿಯ ರೋಜಾ ದರ್ಗಾದ ಹಿಂದಿನ ಓಣಿಯಲ್ಲಿ ಅವಳ ಮನೆ, ಅದರ ಹೊರಗಿನ ಖೋಲಿಯಲ್ಲಿ ನಾನು. ನಿಜಾಮರ ಕಾಲ. ನಮ್ಮೂರು ಭೀಮಾ ಹೊಳೆಯ ಆಚೆ, ಇಂಗ್ರೇಜಿ ಸೀಮೆಯಲ್ಲಿ. ಹೊಳೆ ದಾಟಿದರೆ ಸರ್ಕಾರ ಬೇರೆ, ರೊಕ್ಕ ಬೇರೆ, ಸಾಲೆಯ ಭಾಷೆ ಬೇರೆ, ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಿಯೇ ಈಚೆಗೆ ಬರಬೇಕು. ಉರ್ದು ಕಲಿತರೆ ನಿಜಾಮರ ಮೊಗಲಾಯಿಯಲ್ಲಿ ದೊಡ್ಡ ನೌಕರಿ ಸಿಗುತ್ತದೆ ಎಂದು ಯಾರೋ ನಮ್ಮಪ್ಪನ ಕಿವಿ ಊದಿದ್ದರು. ಆ ಮುಲ್ಕಿನಲ್ಲಿ ಹುಟ್ಟದವನಿಗೆ ಅಲ್ಲಿ ನೌಕರಿ ಸುಲಭಕ್ಕೆ ಕೊಡುವುದಿಲ್ಲ ಎಂಬುದು ನಾನು ಅಲಿಫ್ ಬೇ ಎಲ್ಲ ಬಾಯಿಪಾಠ ಮಾಡಿ ಮುಗಿಸಿದ ಮೇಲೆ ತಿಳಿಯಿತು.

ನಮ್ಮವ್ವ ನನ್ನನ್ನು ಬಿಟ್ಟುಹೋಗಲು ಬಂದ ದಿನ ಆಯಿ ಅವಳ ತೋಳನ್ನೂ ಹಿಡಿದಳು. "ನನಗ ಗಂಡಮಕ್ಕಳಿಲ್ಲ. ಒಬ್ಬಾಕಿ ಮಗಳು, ಕಮಲಾಪುರಕ್ಕ ಕೊಟ್ಟೀನಿ. ನಿನ್ನ ಮಗ ನನ್ನ ಕೈಯಾಗ ಇರ್ತಾನ, ಸುಮ್ಮನ ಹೋಗು" ಅಂದಳು. ಅವ್ವ ಅಳುತ್ತಲೇ ತೋಳು ಉಜ್ಜಿಕೊಂಡು ಹೋದಳು.

ಸಾಲೆ ಸ್ಟೇಶನ್ ಕಡೆಗಿತ್ತು. ನಡೆದು ನಡೆದು ಸಾಕಾಗಿ ಸೈಕಲ್ಲು ಬೇಕೆಂದು ಅಪ್ಪನನ್ನು ಪೀಡಿಸಿದೆ. ಅವನು ಒಪ್ಪಿದ, ಆದರೆ ಕಳೆದರೆ ಇನ್ನೊಂದಿಲ್ಲ ಎಂದು ಖಡಾಖಡಿ ಹೇಳಿಯೇ ಒಪ್ಪಿದ. ಸ್ಟೇಶನ್ ಬಜಾರಿನಲ್ಲಿ ಬದಲಿಯಾಗಿ ಹೊರಟಿದ್ದ ರೈಲ್ವೆ ಬಾಬು ಒಬ್ಬ ತನ್ನ ಸೈಕಲ್ಲು ಮಾರುವವನಿದ್ದ. ಆಯಿ ತಾನೂ ಬರುತ್ತೇನೆ ಅಂದಳು. ಹುಟ್ಟಿದಾಗಿನಿಂದ ಸೈಕಲ್ಲು ಮುಟ್ಟಿದವಳಲ್ಲ, ದನದ ಸಂತೆ ಮಾತ್ರ ಬಲ್ಲವಳು. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಸೀಟಿನ ಮೇಲೆ ಬಡಿದು, "ಯಾಕ ಮಾರ್ತೀರಿ? ಒದಿತದೇನು?" ಎಂದು ಕೇಳಿದಳು.

"ಅರೆ ಅಮ್ಮಾ, ಯೇ ಸೈಕಲ್ ಹೈ, ಭೈಂಸ್ ನಹೀಂ" ಅಂದ ಬಾಬು.

"ಎಮ್ಮಿ ಆಗಿದ್ರ ಹಾಲಾದ್ರೂ ಕೊಡ್ತಿತ್ತು" ಅಂದಳು ಆಯಿ.

ವ್ಯಾಪಾರ ಮುಗಿದು ಬಾಬು ಸರಪಳಿ, ಕೀಲಿ ಎರಡನ್ನೂ ನನ್ನ ಕೈಗಿಟ್ಟ. ಆಯಿ ಅವನ್ನು ಕಿತ್ತು ಅವನಿಗೇ ವಾಪಸು ಕೊಟ್ಟಳು. ದನ ಕೊಂಡರೆ ಮಾರಿದವರ ಹಗ್ಗ ಮನೆಗೆ ತರಬಾರದು, ಹೊಸ ಹಗ್ಗ ಹಾಕಿಯೇ ಹೊಡೆದುಕೊಂಡು ಬರಬೇಕು. ಅದು ಅವಳ ನೇಮ. ನಾನೆಷ್ಟು ಬೇಡಿಕೊಂಡರೂ ಕೇಳಲಿಲ್ಲ. ಹೀಗೆ ಚೆಂದದ ಇಂಗ್ಲಿಷ್ ಕೀಲಿ ಬಿಟ್ಟುಬಂದು, ಎಮ್ಮೆ ಕಟ್ಟುವ ಸರಪಳಿಯಲ್ಲಿ ನನ್ನ ಸೈಕಲ್ಲು ಅಂಗಳದ ಕಂಬಕ್ಕೆ ಬಿತ್ತು.

ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಪಾಠ ಕೇಳುವಾಗ ಕಿಟಕಿಯಾಚೆ ಕಣ್ಣು. ಯಾರಾದರೂ ಒಯ್ದರೆ ಹೊಳೆಯಾಚೆಯ ಹುಡುಗನ ಪರ ಮಾತಾಡುವವರು ಯಾರು? ಪೊಲೀಸ್ ಅಮೀನಸಾಹೇಬನ ಮುಂದೆ ನಿಂತು ಉರ್ದುವಿನಲ್ಲಿ ಫಿರ್ಯಾದು ಹೇಳುವ ಕನಸು ಬಿದ್ದು ಬೆವತು ಏಳುತ್ತಿದ್ದೆ.

ಆಯಿಗೆ ನನಗಿಂತ ಹೆಚ್ಚಿನ ಚಿಂತೆ. ಕಮಲಾಪುರದ ಮಗಳು ಬಸುರಿ. ಹಿಂದೆ ಎರಡು ಸಲ ದಿನ ತುಂಬದೆ ಹೋಗಿತ್ತು. ಬೀಗರು ಈ ಸಲ ತವರಿಗೆ ಕಳಿಸಲು ಒಪ್ಪಿರಲಿಲ್ಲ. ಶುಕ್ರವಾರ ನಮಗೆ ಸೂಟಿ, ಆ ದಿನ ಇಪ್ಪತ್ತು ಮೈಲಿ ಮೀರಿದ ದಾರಿ ತುಳಿದು ಅವಳ ಸುದ್ದಿ ತರುವುದು ನನ್ನ ಪಾಲಿಗೆ ಬಂತು. ಹೋಗುವಾಗ ಅಂಟಿನ ಉಂಡಿ, ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು. ಬಂದು ಕಾಲು ತೊಳೆಯುವ ಮೊದಲೇ ತೋಳಿಗೆ ಕೈ ಬೀಳುತ್ತಿತ್ತು.

"ಕಾಲು ಬಾತಾವೇನು?"

"ನಾ ನೋಡಿಲ್ಲ ಆಯಿ."

"ಕಣ್ಣಿಲ್ಲೇನು ನಿನಗ? ಕುಂತು ಏಳೂ ಮುಂದ ಕೈ ಊರ್ತಾಳೇನು?"

"ಊರಿದ್ಳು, ಅನಸ್ತದ."

"ಅನಸ್ತದ ಅಂದ್ರೇನು? ಮೀಸಿ ಬಂದ್ವು, ಹೆಣಮಕ್ಕಳ ಕಾಲು ನೋಡ್ಲಾಕ ನಾಚ್ಕಿ ನಿನಗ."

ಮುಂದಿನ ಶುಕ್ರವಾರ ನಾನು ಮಗಳ ಕಾಲನ್ನು ನೋಡಿದೆ. ಅವಳ ಅತ್ತೆ ನನ್ನನ್ನು ನೋಡಿದಳು. ಆಮೇಲೆ ಪಡಸಾಲೆಯಿಂದ ಒಳಗೆ ಯಾರೂ ಕರೆಯಲಿಲ್ಲ.

ಅಷ್ಟರಲ್ಲಿ ಉರುಸು ಬಂತು. ಓಣಿ ತುಂಬ ಪರಊರಿನ ಜನ. ಆಯಿಯ ಕಟ್ಟೆಯ ಮೇಲೂ ಮೂರು ಸಂಸಾರ ಬಿಡಾರ ಹೂಡಿದ್ದವು. ಪಕ್ಕದ ಓಣಿಯಲ್ಲಿ ಹಾಡಹಗಲೇ ಒಂದು ಸೈಕಲ್ಲು ಹೋಯಿತು. ಇನ್ನು ನಮ್ಮ ಸುತ್ತಿನಲ್ಲಿ ಉಳಿದದ್ದು ನನ್ನದೊಂದೇ.

"ಸರಪಳಿ ನಂಬಿ ಉಪಯೋಗಿಲ್ಲ" ಅಂದಳು ಆಯಿ. "ಗಾಲಿ ಬಿಚ್ಚು. ಗಾಲಿ ಇಲ್ಲದ ಬಂಡಿ ಕಳ್ಳ ಹೆಗಲ ಮ್ಯಾಲ ಹೊತ್ತು ಹೋಗ್ತಾನೇನು?"

"ಗಾಲಿನೇ ಕದ್ರ?"

"ಅದಕ್ಕ ಹಗೇವು ಅದಲ್ಲ."

ಹಗೇವು ಅಂದರೆ ಅಂಗಳದ ನೆಲದೊಳಗೆ ತೋಡಿದ ಜೋಳದ ಕುಣಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಕೆಳಗೆ ಹೊಟ್ಟೆ ಅಗಲ. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆಗ ಅದು ಅರ್ಧ ಖಾಲಿಯಿತ್ತು. ಎರಡೂ ಗಾಲಿಗಳನ್ನು ಜೋಳದ ಮೇಲೆ ಬೀಳಿಸಿ, ಕಲ್ಲು ಮುಚ್ಚಿ, ಮೆತ್ತಿ, ಸೆಗಣಿ ಸಾರಿಸಿ, ಮೇಲೆ ಎಮ್ಮೆ ಕಟ್ಟಿದಳು. ಮಗಳಿಗೆ ದಿನ ತುಂಬಲು ಇನ್ನೂ ತಿಂಗಳೊಪ್ಪತ್ತಿತ್ತು. ಉರುಸು ಮುಗಿದ ಮೇಲೆ ತೆಗೆದರಾಯಿತು ಎಂಬುದು ನಮ್ಮಿಬ್ಬರ ಲೆಕ್ಕ. ಆ ವಾರ ನಾನು ಮೊದಲ ಸಲ ನಿಶ್ಚಿಂತನಾಗಿ ಪಾಠ ಕೇಳಿದೆ.

ಉರುಸಿನ ನಡುವೆಯೇ ಒಂದು ಮುಂಜಾನೆ ಅಳಿಯನ ತಮ್ಮ ಬಂದು ಬಾಗಿಲಲ್ಲಿ ನಿಂತ. ಕಮಲಾಪುರದ ಮೋಟಾರಿನಲ್ಲಿ ಬಂದಿದ್ದ.

"ಅತ್ತಿ, ವೈನಿಗೆ ನಿನ್ನಿಯಿಂದ ಬ್ಯಾನಿ. ಕೂಸು ಬರವಲ್ದು. ನಿಮ್ಮನ್ನ ಕರೀಲಾಕತ್ತಾಳ."

ಮೋಟಾರು ವಾಪಸು ಹೊರಡುವುದು ಮರುದಿನ. ಟಾಂಗಾದವರೆಲ್ಲ ಸ್ಟೇಶನ್ನಿನಿಂದ ರೋಜಾಕ್ಕೆ ಯಾತ್ರಿಕರನ್ನು ಹೊರುತ್ತಿದ್ದರು. ಅವನನ್ನು ಬಂಡಿಯೋ ಟಾಂಗಾವೋ ಹುಡುಕಲು ಓಡಿಸಿ, ಆಯಿ ಎಮ್ಮೆ ಬಿಚ್ಚಿ ಹಾರೆ ತಂದಳು. ಕಲ್ಲು ಸರಿಸಿದಾಗ ಒಳಗಿನಿಂದ ಹುಳಿ ವಾಸನೆಯ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಆಗ ನಮ್ಮಿಬ್ಬರಿಗೂ ನೆನಪಾಯಿತು. ಮುಚ್ಚಿದ ಹಗೇವಿನಲ್ಲಿ ಉಸಿರಿಗೆ ಗಾಳಿ ಇರುವುದಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಡದೆ ಇಳಿದವನು ಅಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ನಮ್ಮ ಸೀಮೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಗಾಲಿ ಹೂಳುವಾಗ ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

ಆಯಿ ಹಣತೆ ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟಳು. ಬಾಯಿ ದಾಟುತ್ತಲೇ ದೀಪ ಆರಿತು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಪಕ್ಕದ ಮನೆಯಿಂದ ತಂದು ಬಿಟ್ಟೆವು. ಅದರ ಕೊಂಡಿಗೆ ಮುಂದಿನ ಗಾಲಿ ಸಿಕ್ಕಿತು, ಮೇಲೆ ಬಂತು. ಹಿಂದಿನದು ಜೋಳದ ಇಳಿಜಾರಿನಲ್ಲಿ ಜಾರಿ ಕುಣಿಯ ಹೊಟ್ಟೆಯೊಳಗೆ ಹೋಗಿತ್ತು. ಕೊಂಡಿ ಎಷ್ಟು ತಡಕಾಡಿದರೂ ಜೋಳ ಮಾತ್ರ ಕೆದರುತ್ತಿತ್ತು.

"ಉಸರು ಹಿಡಕೊಂಡು ಇಳೀತೀನಿ ಆಯಿ. ಹಿಂಗ ಹೋಗಿ ಹಂಗ ಬರ್ತೀನಿ."

"ಬ್ಯಾಡ."

"ನಡುವಿಗೆ ಹಗ್ಗ ಕಟ್ಟು."

"ನೀ ಕುಸದ್ರ ನಿನ್ನ ಜಗ್ಗೂ ತಾಕತ್ತು ನನಗದೇನು? ಬ್ಯಾಡ ಅಂದೀನಿ."

ನಾನು ಆಗಲೇ ಒಂದು ಕಾಲು ಒಳಗಿಟ್ಟಿದ್ದೆ. ವಯಸ್ಸು ಅಂಥದು. ತೋಳಿಗೆ ಕೈ ಬಿತ್ತು. ಅಂಥ ಹಿಡಿತ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನ್ನನ್ನು ಹಿಂದಕ್ಕೆ ಎಳೆದು ಅಂಗಳದಲ್ಲಿ ಕೆಡವಿದಳು.

"ನಿಮ್ಮವ್ವ ನಿನ್ನ ಹೊಳಿ ದಾಟಿಸಿ ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ನನ್ನ ಮಗಳ ಸಲವಾಗಿ ಅಕಿ ಮಗನ್ನ ಕುಣ್ಯಾಗ ಹಾಕ್ಲಿ? ಕೂಡು ಅಲ್ಲಿ."

ಕೂತೆ. ಅವಳು ಬೇವಿನ ಟೊಂಗೆ ಮುರಿದು ಹಗ್ಗಕ್ಕೆ ಕಟ್ಟಿ ಕುಣಿಯೊಳಗೆ ಬಿಟ್ಟು, ಎತ್ತಿ, ಮತ್ತೆ ಬಿಟ್ಟು ಗಾಳಿ ಆಡಿಸತೊಡಗಿದಳು. ಕೈ ಸೋತರೆ ನಾನು, ನನ್ನದು ಸೋತರೆ ಅವಳು. ನಡುನಡುವೆ ದೀಪ ಬಿಡುವುದು, ಅದು ಆರುವುದು. ಆರಿದಾಗಲೆಲ್ಲ ಅವಳು ಕಮಲಾಪುರದ ದಿಕ್ಕಿಗೆ ಮುಖ ಮಾಡಿ ಏನೋ ಗೊಣಗುತ್ತಿದ್ದಳು. ಮಗಳಿಗೆ ಹೇಳುತ್ತಿದ್ದಳೋ ದೇವರಿಗೋ ತಿಳಿಯಲಿಲ್ಲ. ಕಟ್ಟೆಯ ಮೇಲಿನ ಯಾತ್ರಿಕರು ಗುಂಪುಗಟ್ಟಿ ನೋಡುತ್ತಿದ್ದರು. ಅಳಿಯನ ತಮ್ಮ ಬರಿಗೈಯಲ್ಲಿ ಮರಳಿ ಬಂದ. ಸೂರ್ಯ ನೆತ್ತಿ ದಾಟಿದ ಮೇಲೆ ದೀಪ ಕೆಳಗಿನ ತನಕ ಉರಿಯಿತು. ಆಗ ಆಯಿ ತಾನೇ ನನ್ನ ನಡುವಿಗೆ ಹಗ್ಗ ಬಿಗಿದು ಇಳಿಸಿದಳು.

ವಿಭೂತಿ ಹಚ್ಚಿದ ವಿಧವೆಯೊಬ್ಬಳು ಹುಡುಗನ ಸೈಕಲ್ಲಿನ ಹಿಂದೆ ಕೂತು ಹೋಗುವುದನ್ನು ಕಲಬುರಗಿ ಅಂದೇ ಮೊದಲು ನೋಡಿದ್ದಿರಬೇಕು. ನಗುವವರು ನಕ್ಕರು. ಕಪನೂರ ದಾಟಿದ ಮೇಲೆ ನಗುವವರೂ ಇರಲಿಲ್ಲ. ಏರು ಬಂದಲ್ಲಿ ಅವಳು ಇಳಿದು ಓಡುತ್ತಿದ್ದಳು, ನನಗಿಂತ ಮುಂದೆ.

ಕಮಲಾಪುರ ಮುಟ್ಟಿದಾಗ ಹೊತ್ತು ಇಳಿದಿತ್ತು. ಕೂಸು ಹುಟ್ಟಿತ್ತು, ಅತ್ತಿರಲಿಲ್ಲ. ಕೂಸಿನ ಹಿಂದೆ ಬೀಳಬೇಕಾದ ಕಸ ಬಿದ್ದಿರಲಿಲ್ಲ, ಮಗಳ ರಕ್ತ ನಿಲ್ಲುತ್ತಿರಲಿಲ್ಲ. ಆಯಿ ಸೆರಗು ಕಟ್ಟಿ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಬಂದು ಕೈ ತೊಳೆದಾಗ ಮಗಳು ಉಳಿದಿದ್ದಳು.

"ಊರ ಮಂದಿನೆಲ್ಲ ಹಡಸ್ಲಾಕ ಓಡ್ತಿ. ಹಡದ ಮಗಳಿಗೆ ಈಗ ಬಂದೇನವ್ವ?" ಅಂದಳು ಬೀಗಿತ್ತಿ. "ಒಂದ ತಾಸು ಮೊದಲ ಬಂದಿದ್ರ ಕೂಸು ಉಳೀತಿತ್ತೇನೋ."

ಆಯಿ ನನ್ನ ಕಡೆ ನೋಡಲಿಲ್ಲ.

"ನಂದಾ ತಡಾ ಆತು" ಅಂದಳು. ಅಷ್ಟೇ.

ಬಾಣಂತಿಗೆ ಶಕ್ತಿ ಬಂದ ಮೇಲೆ ಆಯಿಯನ್ನು ಕರೆತರಲು ಹೋದೆ. ಮರಳುವ ದಾರಿಯಲ್ಲಿ ಕೇಳಿಯೇಬಿಟ್ಟೆ. "ನಾ ಮೊದಲ ಇಳದಿದ್ರ ಕೂಸು ಉಳೀತಿತ್ತೇನು ಆಯಿ?"

"ಗಾಲಿ ಹೂತಾಕಿ ನಾ" ಅಂದಳು ಬೆನ್ನ ಹಿಂದಿನಿಂದ. "ನೀ ಸುಮ್ಮನ ತುಳಿ."

ಮುಂದಿನ ಬಸುರಿಗೆ ಬೀಗರು ತಾವಾಗಿಯೇ ಮಗಳನ್ನು ತವರಿಗೆ ಕಳಿಸಿದರು. ಆ ಕೂಸು ಓಣಿಯೆಲ್ಲ ಕೇಳುವಂತೆ ಅತ್ತಿತು. ನಾನು ಓದು ಮುಗಿಸಿ ಹೊಳೆ ದಾಟಿ ಊರಿಗೆ ಬಂದೆ, ಮದುವೆಯಾಯಿತು, ನನಗೂ ಒಬ್ಬ ಮಗಳಾದಳು. ಆಯಿ ಕೈಲಾಗದ ಮೇಲೆ ಕಮಲಾಪುರ ಸೇರಿದ್ದಳು. ಅಲ್ಲೇ ಹೋದಳು. ಸುದ್ದಿ ನನಗೆ ಮುಟ್ಟಿ ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಆಯಿಯ ಮಗಳು ನನ್ನನ್ನು ಕೂಡಿಸಿ ಊಟಕ್ಕಿಟ್ಟಳು. ಅವಳ ಕೂದಲೂ ಬೆಳ್ಳಗಾಗಿತ್ತು.

"ಅವ್ವ ಹೋಗೂ ಮುಂದ ಹಗೇವಿನ ಸುದ್ದಿ ಹೇಳಿದ್ಳು" ಅಂದಳು. "ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ."

ನಾನು ತಾಟಿನಿಂದ ತಲೆ ಎತ್ತಿದೆ.

"ನಾನಾಗಿದ್ರ ನಿನ್ನ ಇಳಸ್ತಿದ್ದೆ, ತಮ್ಮಾ" ಅಂದಳು ಮಗಳು. ಸಿಟ್ಟಿರಲಿಲ್ಲ. ಅಂದು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ನನ್ನ ಮಗಳಿಗಾಗಿ ಆಗಿದ್ದರೆ ನಾನೂ ಇಳಿಸುತ್ತಿದ್ದೆ, ಯಾರ ಮಗನನ್ನಾದರೂ. ತಲೆ ತಗ್ಗಿಸಿ ರೊಟ್ಟಿ ಮುರಿದೆ.