ಬೆಲ್ ಬರದೆ ಒತ್ತದ ಬೆರಳು

ನನ್ನ ಕೈಗೆ ಸಿಕ್ಕವರು ಕಂಪ್ಯೂಟರ್ ಕಲಿಯದೆ ಹೋದದ್ದಿಲ್ಲ. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಆಂಡರ್ಸನ್‌ಪೇಟೆಯ ಒಂದು ಮಹಡಿ ಕೋಣೆಗೆ ಬಂದು ಪಾಠ ಮಾಡಲು ಶುರುಮಾಡಿ ಹನ್ನೆರಡು ವರ್ಷವಾಯಿತು. ಇರುವುದು ಆರು ಹಳೇ ಕಂಪ್ಯೂಟರ್. ಹೊಸ ಸಿಸ್ಟಂ ಹಾಕಿದರೆ ಅವು ಏದುಸಿರು ಬಿಡುತ್ತವೆ. ಅದಕ್ಕೇ ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ನಾನೇ ಓಡಿಸುತ್ತಿದ್ದೇನೆ.

ಹೊಸಬರಿಗೆ ಮೊದಲ ದಿನ ನನ್ನ ಪಾಠ ಒಂದೇ: ಹೆದರಬೇಡಿ, ಒತ್ತಿ. ಒತ್ತಿದರೆ ಏನೂ ಸಿಡಿಯುವುದಿಲ್ಲ, ಯಾರೂ ಸಾಯುವುದಿಲ್ಲ. ಡೈರಿ ಹೆಂಗಸರು, ಅಂಗಡಿಯವರು, ರಿಟೈರಾದ ಮೇಷ್ಟ್ರು, ಎಲ್ಲರೂ ಈ ಮಾತಿಗೇ ಧೈರ್ಯ ತಂದುಕೊಂಡವರು. ಹೋದ ವರ್ಷದವರೆಗೆ ಈ ಪಾಠದಲ್ಲಿ ತಪ್ಪಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಹೋದ ವರ್ಷ ಚಿನ್ನದ ಗಣಿಯಿದ್ದ ಉರಿಗಾಂ ಕಡೆಯಿಂದ ಒಬ್ಬರು ಬಂದರು. ವಯಸ್ಸು ಐವತ್ತಾರು, ಇಸ್ತ್ರಿ ಮಾಡಿದ ಅಂಗಿ, ಕನ್ನಡದಲ್ಲಿ ಶುರುವಾಗಿ ತಮಿಳಲ್ಲಿ ಮುಗಿಯುವ ಮಾತು. ಬಂಗಾರಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸ ಅವರದು. ಇಷ್ಟು ದಿನ ಪುಸ್ತಕದಲ್ಲಿ ಹೆಸರು ಬರೆದು ಚೀಟಿ ಹರಿದು ಕೊಡುತ್ತಿದ್ದರು. ಈಗ ಅಲ್ಲೂ ಕಂಪ್ಯೂಟರ್ ಬಂದಿತ್ತು, ನಮ್ಮಲ್ಲಿರುವ ಸಿಸ್ಟಮ್ಮೇ. ಒಂದು ತಿಂಗಳಲ್ಲಿ ಕಲಿತು, ಆಮೇಲೆ ಒಂದು ವಾರ ಕೌಂಟರಿನಲ್ಲಿ ಮಾಡಿ ತೋರಿಸಬೇಕು, ಆಗದಿದ್ದರೆ ಆ ಕುರ್ಚಿಗೆ ಬೇರೆ ಆಳು ಅಂತ ಮ್ಯಾನೇಜರು ಹೇಳಿದ್ದರಂತೆ.

“ಆವತ್ತು ಗಣಿ ಮುಚ್ತು ಮೇಡಂ. ಇದೂ ಮುಚ್ಚೋದು ಬ್ಯಾಡ,” ಅಂದರು.

ನಾನು ಒಂದು ವಾರ ಸಾಕು ಅಂದೆ. ಹತ್ತು ದಿನ ಕಳೆದರೂ ಅವರು ಅಲ್ಲೇ ಇದ್ದರು. ತಲೆ ಚುರುಕಾಗಿಯೇ ಇತ್ತು. ಯಾವುದು ಎಲ್ಲಿದೆ, ಫೈಲು ಎಲ್ಲಿ ಇಡಬೇಕು, ಕನ್ನಡ ಕೀಲಿಮಣೆಗೆ ಹೇಗೆ ಬದಲಾಯಿಸಬೇಕು, ಒಮ್ಮೆ ಹೇಳಿದರೆ ಸಾಕಿತ್ತು. ಆದರೆ ಬೆರಳು ಇಳಿಯುತ್ತಿರಲಿಲ್ಲ. ಎಂಟರ್ ಮೇಲೆ ಬೆರಳಿಟ್ಟು ಪರದೆ ನೋಡುತ್ತಾ ಕೂತುಬಿಡುತ್ತಿದ್ದರು. ಪಕ್ಕದವರು ಮೂರು ಪುಟ ಮುಗಿಸಿದರೂ ಇವರದು ಮೂರು ಸಾಲು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಅವರ ಕೈ ಸರಿಸಿ ನಾನೇ ಟಪ್ ಅಂತ ಒತ್ತಿ, ಹೀಗೆ ಕೂತರೆ ಟೋಕನ್ ಸಿಗುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ ಅಂದುಬಿಟ್ಟೆ. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ.

ಅವತ್ತೇ ಮಧ್ಯಾಹ್ನ ಎಲ್ಲರಿಗೂ ಆಫ್ ಮಾಡಿ ಹೋಗಿ ಅಂತ ಹೇಳಿ ಊಟಕ್ಕೆ ಹೋದೆ. ತಿರುಗಿ ಬಂದರೆ ಕೋಣೆಯಲ್ಲಿ ಇವರೊಬ್ಬರೇ ಕೂತಿದ್ದಾರೆ, ಬುತ್ತಿ ಕೂಡ ಬಿಚ್ಚಿಲ್ಲ. ಬೆಳಿಗ್ಗೆ ಪಾಠ ಮಾಡುವಾಗ ನಾನೇ ಅವರ ಕಂಪ್ಯೂಟರಿನಲ್ಲಿ ಮೂರು ಕಿಟಕಿ ತೆರೆದು, ಕುಗ್ಗಿಸಿ, ಪರದೆಯ ಕೆಳಗಿನ ಪಟ್ಟಿಗೆ ಇಳಿಸಿ ಮರೆತಿದ್ದೆ. ಅವರು ಆ ಪಟ್ಟಿಯ ಕಡೆ ಬೆರಳು ತೋರಿಸಿದರು.

“ಕೆಳಗಡೆ ಮೂರು ಐತೆ ಮೇಡಂ. ಎಂಗೆ ಆಫ್ ಮಾಡೋದು?”

ರೇಗುವುದಕ್ಕೆ ಬಾಯಿ ತೆರೆದವಳು, ಯಾಕೋ ಅವರ ಮುಖ ನೋಡಿ, ಕೂತುಕೊಂಡು ಕೇಳಿದೆ. ಆಗ ಹೇಳಿದರು. ಗಣಿ ಮುಚ್ಚುವವರೆಗೆ ಅವರು ಕೇಜು ಅನ್ನುವ ಗಣಿ ಲಿಫ್ಟನ್ನು ಏರಿಸಿ ಇಳಿಸುವ ಇಂಜಿನ್ನಿನ ಮೇಲೆ ಇದ್ದವರಂತೆ. ಸಾವಿರಾರು ಅಡಿ ಕೆಳಗೆ ಜನ ಇಳಿಯುವುದೂ ಇವರ ಕೈಯಿಂದ, ಮೇಲೆ ಬರುವುದೂ ಇವರ ಕೈಯಿಂದ.

“ಇಂಜಿನ್ ರೂಮಲ್ಲಿ ಕುಂತೋನ್ಗೆ ಕೆಳಗಡೆ ಏನೂ ಕಾಣಲ್ಲ. ಕೆಳಗಿಂದ ಬೆಲ್ ಬತ್ತದೆ, ನಾವೂ ತಿರುಗಿ ಬೆಲ್ ಕೊಡ್ತೀವಿ, ಆಮೇಲೇ ಕೈ ಆಕೋದು. ಬೆಲ್ ಬರ್ದೆ ಕೈ ಆಕಿದ್ರೆ ಜನಾನೇ ಓಗ್ಬಿಡ್ತಾರೆ ಮೇಡಂ. ನೀವು ಒತ್ತಿ ಒತ್ತಿ ಅಂತೀರಾ. ನನ್ ಕೈ ಕೇಳಲ್ಲ.”

ಒತ್ತಿದರೆ ಯಾರೂ ಸಾಯುವುದಿಲ್ಲ ಅಂತ ಹತ್ತು ದಿನದಿಂದ ಯಾರ ಮುಂದೆ ಹೇಳುತ್ತಿದ್ದೆ ಅಂತ ಆಗ ತಿಳಿಯಿತು. ನಾಚಿಕೆಯಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಜ್ಜಿ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ. ತಪ್ಪಾಯಿತು ಅಣ್ಣಾ, ಮೊದಲು ಊಟ ಮಾಡಿ ಅಂದೆ. ಅವರು ಉಣ್ಣುತ್ತಿದ್ದಂತೆ ನಾನು ಪಾಠವನ್ನೇ ತಿರುವಿಹಾಕಿದೆ.

ಈ ಸಿಸ್ಟಮ್ಮಿಗೂ ಬೆಲ್ ಇದೆ, ಕಣ್ಣಿಗೆ ಕಾಣುವ ಬೆಲ್ ಅಂತ ತೋರಿಸಿದೆ. ಮೌಸಿನ ಬಾಣದ ಪಕ್ಕ ಚಕ್ರ ಸುತ್ತುತ್ತಿದ್ದರೆ ಕೇಜು ಓಡುತ್ತಿದೆ, ಮುಟ್ಟಬೇಡಿ. ಚಕ್ರ ನಿಂತರೆ ನಿಮ್ಮ ಸರದಿ. ನಡುವೆ ಒಂದು ಚೌಕ ಎದ್ದು ‘ಉಳಿಸಬೇಕೆ?’ ಅಂತ ಕೇಳಿದರೆ ಅದು ಕೆಳಗಿನವರ ಮಾತು, ಪೂರ್ತಿ ಓದಿ ಉತ್ತರ ಕೊಡಿ. ಪಟ್ಟಿಯಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಮೇಲೆ ತಂದು ಮುಚ್ಚಿ, ಪಟ್ಟಿ ಖಾಲಿಯಾದ ಮೇಲೆ ಆಫ್. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. ಹೀಗೆ ಅಂತ ಮೊದಲೇ ಹೇಳೋದಲ್ಲವಾ ಅಂತ ನನ್ನನ್ನೇ ಬೈದರು. ಆ ಬೈಗುಳ ನನಗೆ ಬಹಳ ಹಿಡಿಸಿತು.

ಮಾರನೇ ದಿನದಿಂದ ಬೆರಳು ಇಳಿಯಿತು. ತಡೆಯುವುದು, ನೋಡುವುದು, ಒತ್ತುವುದು, ಮತ್ತೆ ನೋಡುವುದು. ಉಳಿದವರು ಅವಸರಕ್ಕೆ ಹತ್ತು ಸಲ ಒತ್ತಿ ಹತ್ತು ಕಿಟಕಿ ತೆರೆದುಕೊಂಡು ಒದ್ದಾಡುವಾಗ ಇವರ ಕೆಲಸ ಮುಗಿದಿರುತ್ತಿತ್ತು. ತಿಂಗಳ ಕೊನೆಗೆ ಹೊಸಬರು ಸಿಕ್ಕಿಹಾಕಿಕೊಂಡರೆ ನನ್ನನ್ನು ಬಿಟ್ಟು ಇವರನ್ನು ಕೇಳುತ್ತಿದ್ದರು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಯ ಪರೀಕ್ಷೆಯ ವಾರ ಬಂತು. ಸೋಮವಾರದಿಂದ ಶುಕ್ರವಾರದವರೆಗೆ ಅವರದು ಒಂದು ಫೋನೂ ಇಲ್ಲ. ಶನಿವಾರ ನನಗೆ ತಡೆಯಲಾಗಲಿಲ್ಲ. ಮಂಡಿ ನೋವು ಹೇಗೂ ಇತ್ತು. ಅದನ್ನೇ ನೆಪ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವರನ್ನು ಮನೆಗೆ ಕಳಿಸಿದ್ದರೆ, ನಾನು ಹಾಳುಮಾಡಿದ ಆ ಹತ್ತು ದಿನಕ್ಕೆ ಯಾರು ಹೊಣೆ?

ಬಾಗಿಲಲ್ಲೇ ಜನ. ಕೌಂಟರಿನ ಹಿಂದೆ ಅವರಿದ್ದರು, ಅವರ ಬೆನ್ನ ಹಿಂದೆ ಮ್ಯಾನೇಜರು. ಪರದೆ ನಿಂತುಬಿಟ್ಟಿತ್ತು ಅಂತ ಕಾಣುತ್ತದೆ. ಮ್ಯಾನೇಜರು ಬಗ್ಗಿ ಮೌಸ್ ಹಿಡಿದು ಟಕಟಕ ಒತ್ತಲು ಹೋದರು. ಇವರು ಮೆತ್ತಗೆ ಆ ಕೈ ಎತ್ತಿ ಪಕ್ಕಕ್ಕಿಟ್ಟರು.

“ಸುತ್ತುತಾ ಐತೆ ಸಾರ್. ಬರ್ಲಿ.”

ಸ್ವಲ್ಪ ಹೊತ್ತಿಗೆ ಪರದೆ ಬಂತು, ಚೀಟಿ ಹೊರಬಿತ್ತು. ಹೊರಟ ಮ್ಯಾನೇಜರು ಬಾಗಿಲ ಹತ್ತಿರ ನರ್ಸಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಈ ಕುರ್ಚಿಗೆ ಸೋಮವಾರ ಬರುತ್ತೇನೆ ಅಂದಿದ್ದ ಹೊಸ ಆಳಿಗೆ ಬರುವುದು ಬೇಡ ಅಂತ ತಿಳಿಸಿಬಿಡಿ ಅಂದರು.

ನನ್ನ ಖುಷಿಗೆ ಮಂಡಿ ನೋವೇ ಮರೆತುಹೋಯಿತು. ಜನರ ಪಕ್ಕದಿಂದ ನುಗ್ಗಿ ಕೌಂಟರಿಗೆ ಹೋಗಿ, ಅಣ್ಣಾ, ನನಗೊಂದು ಟೋಕನ್ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಗುರುತು ಸಿಕ್ಕಿತು, ಕಣ್ಣಲ್ಲಿ ನಗುವೂ ಬಂತು.

“ಲೈನಲ್ಲಿ ಬನ್ನಿ ಮೇಡಂ.”

ಒಂದು ಗಳಿಗೆ ಮುಖ ಬಿಸಿಯಾಯಿತು. ಆಮೇಲೆ ತೆಪ್ಪಗೆ ಹೋಗಿ ಕೊನೆಯಲ್ಲಿ ನಿಂತೆ. ನನ್ನ ಮುಂದೆ ಮಗು ಎತ್ತಿಕೊಂಡಿದ್ದ ಹೆಂಗಸು ತಿರುಗಿ, ಆ ಯಪ್ಪ ಯಾರು ಬಂದರೂ ಹಿಂಗೇ ಕಣಕ್ಕಾ, ಯಾರ ಮಾತೂ ಕೇಳಲ್ಲ ಅಂದಳು.

ನಾನೇ ಕಲಿಸಿದ್ದು ಅಂದೆ, ಲೈನಿಗೆಲ್ಲ ಕೇಳುವ ಹಾಗೆ.